ಸಾಲ ಕೊಟ್ಟರು, ಬಾಕಿ ಯಾರು ಕೊಡಿಸುತ್ತಾರೆ?

ಬಳ್ಳಾರಿಯಲ್ಲಿ ಹದಿನಾಲ್ಕು ಮಷೀನು ಇಟ್ಟುಕೊಂಡು ಜೀನ್ಸ್ ಹೊಲಿಸುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮಪ್ಪನ ಕಾಲದಿಂದ ನೋಡುತ್ತಿದ್ದೇನೆ. ಸಣ್ಣ ಉದ್ದಿಮೆಗೆ ಸರ್ಕಾರ ಸಾಲ ಬಿಟ್ಟು ಇನ್ನೇನು ಕೊಟ್ಟಿದೆ? ಹೊರರಾಜ್ಯದ ವ್ಯಾಪಾರಿಗೆ ಮಾಲು ಕಳಿಸಿ ಏಳು ತಿಂಗಳಾಯಿತು, ದುಡ್ಡು ಬಂದಿಲ್ಲ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ. ಕೊಂಡು ಮಾರುವ ನನ್ನ ತಮ್ಮನ ಅಂಗಡಿಯ ಪಾಡೂ ಇದೇ.’

ಮಾನ್ಯರೇ,

ಸಾಲ ಬಿಟ್ಟು ಏನೂ ಇಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಲಾರೆ. ಆದರೆ ನಿಮ್ಮ ಸಿಟ್ಟಿಗೆ ಕಾರಣವಿದೆ, ಅದು ಹಳೆಯದೂ ಹೌದು.

ನಮ್ಮ ಭಾಗ ಒಂದೇ ಸರ್ಕಾರದ ಕೆಳಗಿರಲಿಲ್ಲ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ಮದ್ರಾಸು 1922ರಲ್ಲೇ ಕೈಗಾರಿಕೆಗಳಿಗೆ ನೆರವು ಕೊಡುವ ಕಾಯ್ದೆ ಮಾಡಿತು. ನಿಜಾಮ ಸರ್ಕಾರ 1929ರಲ್ಲಿ ಕೈಗಾರಿಕಾ ಟ್ರಸ್ಟ್ ನಿಧಿ ತೆರೆಯಿತು. ಎರಡು ಕಡೆಯೂ ನೆರವು ಎಂದರೆ ಹೆಚ್ಚಾಗಿ ಸಾಲವೇ. ಆಮೇಲೆ 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ, 1960ರಲ್ಲಿ ಶೆಡ್ಡು ಕಟ್ಟಿಕೊಡುವ ಸಣ್ಣ ಕೈಗಾರಿಕೆಗಳ ನಿಗಮ, 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಬಂದವು.

ಸಾಲವಲ್ಲದ ದೊಡ್ಡ ಆಸರೆಯೊಂದು ನಿಮ್ಮ ಕಸುಬಿಗೇ ಇತ್ತು. 1967ರಲ್ಲಿ 47 ವಸ್ತುಗಳನ್ನು ಸಣ್ಣ ಕೈಗಾರಿಕೆಗೆ ಮೀಸಲಿಟ್ಟರು. ಮುಂದೆ ಆ ಪಟ್ಟಿ 800 ದಾಟಿತು. ಸಿದ್ಧ ಉಡುಪು ಅದರಲ್ಲಿತ್ತು. ನಿಮ್ಮ ತಂದೆಯವರ ಹೊಲಿಗೆಗೆ ದೊಡ್ಡ ಕಾರ್ಖಾನೆಗಳ ಪೈಪೋಟಿ ಕಡಿಮೆಯಿದ್ದುದರಲ್ಲಿ ಅದರ ಪಾಲೂ ಇದೆ. 2000ದ ಜವಳಿ ನೀತಿ ಉಡುಪಿನ ಮೀಸಲಾತಿಯನ್ನು ತೆಗೆಯಿತು. ಅದನ್ನು ನಾನು ತಪ್ಪೆನ್ನುವುದಿಲ್ಲ. ಸಣ್ಣ ಘಟಕವೆನ್ನಿಸಿಕೊಳ್ಳಲು ಇದ್ದ ಹೂಡಿಕೆಯ ಮಿತಿ ದಾಟಿದರೆ ಮೀಸಲಾತಿ ಕೈತಪ್ಪುತ್ತದೆಂದು ಎಷ್ಟೋ ಜನ ಘಟಕ ಬೆಳೆಸಲಿಲ್ಲ. ಆದರೆ ಬೇಲಿ ಕಿತ್ತವರು ಪೈರಿಗೆ ಬೇರೆ ಕಾವಲು ಇಟ್ಟರೇ ಎಂಬುದೇ ನನ್ನ ಪ್ರಶ್ನೆ.

ಕಾವಲು ಕಾಗದದ ಮೇಲಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಪಡೆದವರು, ಕರಾರಿನಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರು ಕೇಳುವ ಮಂಡಳಿ ನಿಮ್ಮ ರಾಜ್ಯದ್ದೇ. ವ್ಯಾಪಾರಿ ಯಾವ ಊರಿನವನಾದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ಮಂಡಳಿಯ ತೀರ್ಪನ್ನು ಅವನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊದಲು ಮೊತ್ತದ ಶೇ. 75ರಷ್ಟು ಠೇವಣಿ ಇಡಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಅದನ್ನು ತೀರಿಸುವ ವರ್ಷದವರೆಗೆ, ಕೊಂಡವನು ಖರ್ಚೆಂದು ತೋರಿಸುವಂತಿಲ್ಲ.

‘ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ’ ಎನ್ನುತ್ತೀರಿ. ಹೋಗಬಹುದು. ನಾಲ್ಕು ಜನ ಟೈಲರ್‌ಗಳಿಗೆ ಶನಿವಾರ ಪಗಾರ ಕೊಡಬೇಕಾದವರಿಗೆ ಆ ಭಯ ಸಣ್ಣದಲ್ಲ. ಕಾಯ್ದೆ ಸೋಲುವುದು ಇಲ್ಲೇ. ಬಲಹೀನನೇ ಮೊದಲು ಬಾಯಿ ತೆರೆಯಬೇಕೆಂದು ಅದು ಕಾಯುತ್ತದೆ. ಸಾಲದ ಅರ್ಜಿ ತುಂಬಿಸಿ ಬ್ಯಾಂಕಿಗೆ ಕಳಿಸುವ ಜಿಲ್ಲಾ ಕೈಗಾರಿಕಾ ಕೇಂದ್ರವೇ ಬಾಕಿ ಬಿಲ್ಲುಗಳನ್ನೂ ಒಟ್ಟುಗೂಡಿಸಿ ಮಂಡಳಿಯ ಮುಂದಿಡಬೇಕು. ನೂರು ಘಟಕಗಳ ಹೆಸರು ಒಟ್ಟಿಗೆ ಹೋದರೆ ಯಾರೊಬ್ಬರ ಆರ್ಡರೂ ಹೋಗದು. ಇದನ್ನು ಈ ಪತ್ರಿಕೆ ಕೇಳುತ್ತಲೇ ಇರುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮ್ಮ ‘ಉದ್ಯಮ್’ ನೋಂದಣಿ, ಅಂದರೆ ಕೇಂದ್ರ ಸರ್ಕಾರದಲ್ಲಿ ಸಣ್ಣ ಉದ್ದಿಮೆಯೆಂದು ಹೆಸರು ದಾಖಲಿಸುವುದು, ಮಾಲು ಕಳಿಸಿದ ದಿನಕ್ಕಿಂತ ಮೊದಲೇ ಆಗಿದೆಯೇ ನೋಡಿ. ಆಮೇಲೆ ಮಾಡಿಸಿದ್ದಾದರೆ ಎದುರು ಪಕ್ಷದವರು ಮೊದಲು ಹಿಡಿಯುವುದು ಅದನ್ನೇ. ಬಿಲ್ಲು, ಲಾರಿ ರಸೀದಿ, ವ್ಯಾಪಾರಿ ಕಳಿಸಿದ ವಾಟ್ಸಾಪ್ ಸಂದೇಶಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಬರೀ ಕೊಂಡು ಮಾರುವ ನಿಮ್ಮ ತಮ್ಮನ ಅಂಗಡಿಗೆ ಈ 45 ದಿನದ ರಕ್ಷಣೆ ಸಿಗದು, ಹೊಲಿಯುವ ನಿಮಗೆ ಸಿಗುತ್ತದೆ. ಹಾಗಾಗಿ ಎರಡರ ಲೆಕ್ಕವನ್ನು ಬೆರೆಸಬೇಡಿ.

– ಸಂಪಾದಕ