ಗುಡ್ಡಕ್ಕೆ ಯಾವ ಕ್ಯಾಮೆರಾ ಒಯ್ಯಲಿ?

ಪ್ರಶ್ನೆ: ನನಗೆ 46 ವರ್ಷ. ಭಾನುವಾರ ನಾಲ್ಕೈದು ಗೆಳೆಯರು ಸೇರಿ ಗುಡ್ಡ ಹತ್ತುತ್ತೇವೆ. ಅಂಜನಾದ್ರಿ ಆಯಿತು, ಸಂಡೂರು ಆಯಿತು, ಮುಂದಿನ ತಿಂಗಳು ಹಿರೇಬೆಣಕಲ್. ಮೊಬೈಲಿನಲ್ಲಿ ದೂರದ್ದನ್ನು ಜೂಮ್ ಮಾಡಿದರೆ ಎಲ್ಲಾ ಕಲಸಿದ ಹಾಗೆ ಬರುತ್ತದೆ. ಕಿಸೆಯಲ್ಲಿ ಹಿಡಿಸುವ ಕ್ಯಾಮೆರಾ ಬೇಕು. ಅಂಗಡಿಯವರು 30 ಪಟ್ಟು ಜೂಮ್ ಇರುವುದನ್ನೇ ತಗೊಳ್ಳಿ ಅನ್ನುತ್ತಾರೆ. ತಗೋಬಹುದಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಸಂಡೂರು ಅಂತ ಓದಿದ ಕೂಡಲೇ ನನಗೆ ಧೂಳು ನೆನಪಾಯಿತು. ಅಂಗಡಿಯವರು ಜೂಮ್ ಮಾತ್ರ ಹೇಳಿದ್ದಾರೆ, ಧೂಳಿನ ಮಾತು ಎತ್ತಿಲ್ಲ ಅಲ್ವಾ?

ಕೆಲವು ವರ್ಷಗಳ ಹಿಂದೆ ನಾನೂ ಉದ್ದ ಜೂಮಿನ ಕ್ಯಾಮೆರಾವನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ಸಂಡೂರಿನ ಗುಡ್ಡ ಸುತ್ತಿದ್ದೆ. ಅದಿರಿನ ಲಾರಿ ಓಡಾಡುವ ರಸ್ತೆ ಬದಿಯಲ್ಲೇ ಸುಮಾರು ಹೊತ್ತು ನಡೆದೆವು. ಸಂಜೆ ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂದು ಕರ್ ಕರ್ ಅಂತ ನಿಂತುಬಿಟ್ಟಿತು. ರಿಪೇರಿಯವರು ಅದನ್ನು ಬಿಚ್ಚಿ, ಬಿಳಿ ಕಾಗದದ ಮೇಲೆ ತಟ್ಟಿ ತೋರಿಸಿದರು. ಕುಂಕುಮದಷ್ಟು ನುಣ್ಣನೆಯ ಕೆಂಪು ಪುಡಿ! ಇಂಥ ಲೆನ್ಸ್ ಒಂದರೊಳಗೊಂದು ಕೊಳವೆ ಸೇರಿಸಿದಂತೆ ಇರುತ್ತದೆ. ಪ್ರತಿ ಸಲ ಚಾಚಿ ಒಳಗೆ ಹೋಗುವಾಗ ಮೈಮೇಲಿನ ಧೂಳನ್ನೂ ಎಳೆದುಕೊಂಡು ಹೋಗುತ್ತದೆ. ಜೂಮ್ ಉದ್ದವಾದಷ್ಟೂ ಕೊಳವೆ ಹೊರಗೆ ಜಾಸ್ತಿ ಚಾಚುತ್ತದೆ.

ಇನ್ನು ಆ 30 ಪಟ್ಟು ಜೂಮ್. ಅಷ್ಟು ಜೂಮನ್ನು ಪುಟ್ಟ ಮೈಯಲ್ಲಿ ಹಿಡಿಸಬೇಕೆಂದರೆ ಒಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಚಿಕ್ಕದಿರಲೇಬೇಕು. ಸಾಮಾನ್ಯವಾಗಿ ಅದು ಸುಮಾರು 6.2 x 4.6 ಮಿಲಿಮೀಟರ್. ‘ಒಂದು ಇಂಚು’ ಅಂತ ಕರೆಯುವ ಸೆನ್ಸರ್ 13.2 x 8.8 ಮಿಲಿಮೀಟರ್, ಅಂದರೆ ನಾಲ್ಕು ಪಟ್ಟು ಜಾಗ. ಬೆಳಕು ಕಡಿಮೆ ಇರುವಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಿರೇಬೆಣಕಲ್‌ನಲ್ಲಿ ನಿಮಗೆ ಬೇಕಾಗುವುದೂ ದೊಡ್ಡ ಸೆನ್ಸರೇ. ಅಲ್ಲಿನ ಶಿಲಾಸಮಾಧಿಗಳು ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲುಮನೆಗಳು. ಕೆಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಕಿಂಡಿಯೊಳಗೆ ಕತ್ತಲು. ಬಂಡೆಯ ಅಡಿಯ ವರ್ಣಚಿತ್ರಗಳೂ ನೆರಳಲ್ಲೇ ಇವೆ. ದಯವಿಟ್ಟು ಅವುಗಳ ಮೇಲೆ ಫ್ಲಾಶ್ ಹಾಕಬೇಡಿ, ನೀರು ಚಿಮುಕಿಸಿ ಫೋಟೋ ತೆಗೆಯುವವರನ್ನು ಕಂಡರೆ ತಡೆಯಿರಿ.

ನನ್ನನ್ನು ಕೇಳಿದರೆ ಸೋನಿ ಆರ್‌ಎಕ್ಸ್100 ಸಾಲಿನ ಮೂರನೆಯ ಮಾದರಿ ನೋಡಿ. 2014ರದ್ದು, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಒಂದು ಇಂಚಿನ ಸೆನ್ಸರ್, 24ರಿಂದ 70 ಮಿಲಿಮೀಟರ್‌ನ ಲೆನ್ಸ್ (ಅಂದರೆ ಸುಮಾರು ಮೂರು ಪಟ್ಟು ಜೂಮ್), ತೂಕ 290 ಗ್ರಾಂ. ಮುಖ್ಯವಾಗಿ, ಮೇಲೆದ್ದು ಬರುವ ವ್ಯೂಫೈಂಡರ್ ಇದೆ. ನಮ್ಮ ಕಡೆಯ ಬಿಸಿಲಲ್ಲಿ ಹಿಂದಿನ ಪರದೆಯಲ್ಲಿ ನಮ್ಮ ಮುಖ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಕಣ್ಣಿಗೆ ಹಚ್ಚಿ ನೋಡುವ ಕಿಂಡಿ ಇದ್ದರೆ ಆ ಕಷ್ಟವಿಲ್ಲ. ಜೂಮ್ ಇನ್ನೂ ಬೇಕು, ದುಡ್ಡೂ ಇದೆ ಅಂದರೆ ಅದೇ ಸಾಲಿನ ಏಳನೆಯದು 200 ಮಿಲಿಮೀಟರ್ ತನಕ, ಅಂದರೆ ಸುಮಾರು ಎಂಟು ಪಟ್ಟು, ಹೋಗುತ್ತದೆ. ಆದರೆ ಇವಕ್ಕೂ ಚಾಚುವ ಲೆನ್ಸೇ. ಜಿಪ್ ಇರುವ ಚೀಲದಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳಿ, ಬರೀ ಕಿಸೆಗೆ ಮಾತ್ರ ಹಾಕಬೇಡಿ.

ಅಷ್ಟು ಜೋಪಾನ ಮಾಡುವುದು ನನ್ನಿಂದಾಗದು ಅನ್ನುವುದಾದರೆ ಒಲಿಂಪಸ್ ಟಿಜಿ-6 ತಗೊಳ್ಳಿ. ಲೆನ್ಸ್ ಮೈಯೊಳಗೇ ಇರುತ್ತದೆ, ಹೊರಗೆ ಬರುವುದೇ ಇಲ್ಲ. ಧೂಳು ಹೊಗದು, 15 ಮೀಟರ್ ನೀರಿನಡಿಯೂ ನಡೆಯುತ್ತದೆ. ಕಲ್ಲಿನ ಮೇಲಿನ ಪಾಚಿ, ಹುಳವನ್ನು ಒಂದು ಸೆಂಟಿಮೀಟರ್ ಹತ್ತಿರದಿಂದ ತೆಗೆಯಬಹುದು. ಸೆನ್ಸರ್ ಚಿಕ್ಕದು, ವ್ಯೂಫೈಂಡರ್ ಇಲ್ಲ. ಕಿಂಡಿಯೊಳಗಿನ ಕತ್ತಲು ಅದರಲ್ಲಿ ಸ್ವಲ್ಪ ಒರಟಾಗಿಯೇ ಬರುತ್ತದೆ.

ದರೋಜಿಯ ಕರಡಿ ತೆಗೆಯಬೇಕಿದ್ದರೆ ಮಾತ್ರ ಅಂಗಡಿಯವರು ಹೇಳಿದ ಉದ್ದ ಜೂಮ್ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಕ್ಯಾಮೆರಾವನ್ನು ಕಾರಿನಲ್ಲೇ ಬಿಟ್ಟು ಗುಡ್ಡ ಹತ್ತಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಬೇಡ. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ 40 ಡಿಗ್ರಿವರೆಗೆ ಬಳಸಿ ಎಂದಿರುತ್ತದೆ. ನಿಮ್ಮೂರಲ್ಲಿ ಮೇ ತಿಂಗಳಲ್ಲಿ ನೆರಳೇ ಅದನ್ನು ದಾಟುತ್ತದೆ, ಗಾಜು ಮುಚ್ಚಿದ ಕಾರಿನೊಳಗೆ ಕೇಳಬೇಕೇ? ಜೊತೆಗೇ ಒಯ್ಯಿರಿ. ಹೆಚ್ಚುವರಿ ಬ್ಯಾಟರಿಯನ್ನು ಒಣ ಟವೆಲಿನಲ್ಲಿ ಸುತ್ತಿ ಚೀಲದ ತಳದಲ್ಲಿಡಿ.