ಗೋಡೆ ಒಡೆಯೋಕೆ ಮುಂಚೆ ಒಂದು ಕಾಗದ ಬರೆಯಿರಿ

ಸ್ಟುಟ್‌ಗಾರ್ಟ್‌ಗೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ, ಅಷ್ಟರಲ್ಲೇ ಬಾತ್‌ರೂಮ್ ಗೋಡೆಯೊಳಗೆ ಪೈಪ್ ಸೋರಿ ಮಲಗೋ ಕೋಣೆವರೆಗೂ ತೇವ ಹಬ್ಬಿದೆ ಅಂತ ಬರೆದಿದ್ದೀರಿ. ಗೋಡೆ, ನೆಲ ಎರಡೂ ಒಡೆಯಬೇಕು, ಏಳೆಂಟು ವಾರ ಹಿಡಿಯುತ್ತೆ ಅಂದಿದ್ದಾರೆ ಓನರ್. ಬಾಡಿಗೆ ನಿಲ್ಲಿಸಬಹುದಾ, ಇಲ್ಲಾ ಮನೆಯನ್ನೇ ಬಿಟ್ಟುಬಿಡೋದು ವಾಸಿನಾ ಅನ್ನೋದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ಕಾಗದ ಬರೆಯಿರಿ. ಏನು ಕೆಟ್ಟಿದೆ, ಯಾವತ್ತಿನಿಂದ, ಯಾವ ತಾರೀಖಿನೊಳಗೆ ಸರಿಯಾಗಬೇಕು, ಇಷ್ಟೇ ಸಾಕು. ಜೊತೆಗೆ ಫೋಟೊ. ಇದಕ್ಕೆ ಇಲ್ಲಿ ಮೆಂಗೆಲ್‌ಆನ್‌ತ್ಸೈಗೆ ಅನ್ನುತ್ತಾರೆ. ರಿಜಿಸ್ಟರ್ಡ್ ಪೋಸ್ಟ್‌ನಲ್ಲೇ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಮುಂದೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಇನ್ನೊಂದು ವಿಷಯ, ಹೀಗೆ ತಿಳಿಸೋದು ನಿಮ್ಮ ಕರ್ತವ್ಯವೂ ಹೌದು. ಗೊತ್ತಿದ್ದೂ ಸುಮ್ನಿದ್ದು ಹಾನಿ ಜಾಸ್ತಿಯಾದರೆ ಅದು ನಿಮ್ಮ ತಲೆಗೇ ಬರುತ್ತದೆ.

ಬಾಡಿಗೆ ವಿಷಯದಲ್ಲಿ ಜರ್ಮನಿಯ ಕಾನೂನು ಬಾಡಿಗೆದಾರನ ಪರವಾಗಿಯೇ ಇದೆ. ಮನೆಯಲ್ಲಿ ದೊಡ್ಡ ದೋಷ ಇರುವಷ್ಟು ಕಾಲ ಬಾಡಿಗೆ ತಾನಾಗೇ ಇಳಿಯುತ್ತದೆ, ಓನರ್ ಒಪ್ಪಿಗೆ ಬೇಕಿಲ್ಲ. ಸಿವಿಲ್ ಸಂಹಿತೆಯ 536ನೇ ಕಲಮು ಇದು. ಕರಾರಿನಲ್ಲಿ ಬೇರೆ ಏನೇ ಬರೆದಿದ್ದರೂ ನಡೆಯೋದಿಲ್ಲ. ತೊಡಕಿರೋದು ಎಷ್ಟು ಇಳಿಯುತ್ತದೆ ಅನ್ನೋದರಲ್ಲಿ. ಅದಕ್ಕೆ ಕಾನೂನಿನಲ್ಲಿ ಪಟ್ಟಿಯಿಲ್ಲ, ಒಂದೊಂದು ಕೇಸೂ ಬೇರೆ. ನೀವೇ ಅಂದಾಜಿನಲ್ಲಿ ಜಾಸ್ತಿ ಕಡಿತ ಮಾಡಿ, ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾದರೆ ನೋಟಿಸ್ ಅವಧಿಯನ್ನೂ ಕೊಡದೆ ಮನೆ ಖಾಲಿ ಮಾಡಿ ಅನ್ನಬಹುದು. ಅದಕ್ಕೇ ಹೊಸಬರಿಗೆ ನಾನು ಹೇಳೋದು: ಪೂರ್ತಿ ಬಾಡಿಗೆ ಕಟ್ಟಿ, ಆದರೆ 'ಉಂಟರ್ ಫೋರ್‌ಬೆಹಾಲ್ಟ್' ಅಂತ ಬರೆದು ಕಟ್ಟಿ. ಹಕ್ಕು ಉಳಿಸಿಕೊಂಡು ಕಟ್ಟುತ್ತಿದ್ದೇನೆ ಅಂತ ಅರ್ಥ. ಹೆಚ್ಚು ಕೊಟ್ಟಿದ್ದನ್ನು ಆಮೇಲೆ ವಾಪಸ್ ಕೇಳಬಹುದು. ಬೆಂಗಳೂರಿನಲ್ಲಿ ಮಾಡೋ ಹಾಗೆ 'ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ' ಅನ್ನೋ ಮಾತು ಇಲ್ಲಿ ಬೇಡವೇ ಬೇಡ.

ಈ ವಾರವೇ ಬಾಡಿಗೆದಾರರ ಸಂಘಕ್ಕೆ, ಅಂದರೆ ಮೀಟರ್‌ಫೆರೈನ್‌ಗೆ, ಸೇರಿಕೊಳ್ಳಿ. ವರ್ಷದ ಚಂದಾ ಕಟ್ಟಿದರೆ ವಕೀಲರು ನಿಮ್ಮ ಕಾಗದಪತ್ರ ನೋಡಿ, ಎಷ್ಟು ಶೇಕಡಾ ಇಳಿಸಬಹುದು ಅಂತ ಹೇಳುತ್ತಾರೆ. ಶೇಕಡಾ ಲೆಕ್ಕ ಹಾಕೋದು ಹೀಟಿಂಗ್, ನೀರಿನ ಖರ್ಚು ಎಲ್ಲ ಸೇರಿದ ಬಾಡಿಗೆಯ ಮೇಲೆ, ನೆನಪಿರಲಿ.

ಇನ್ನು ಯಾರೂ ಹೇಳದ ವಿಷಯ, ಒಣಗಿಸೋ ಯಂತ್ರ. ಪೈಪ್ ಸರಿಮಾಡೋದು ಒಂದೆರಡು ದಿನದ ಕೆಲಸ. ನೆಲದಡಿಯ ತೇವ ಆರಬೇಕಲ್ಲ, ಅದಕ್ಕೆ ವಾರಗಟ್ಟಲೆ ಹಗಲೂ ರಾತ್ರಿ ಯಂತ್ರ ಓಡಿಸುತ್ತಾರೆ. ನಮ್ಮ ಮನೆಯಲ್ಲೂ ಓಡಿತ್ತು. ತಲೆದಿಂಬಿನ ಪಕ್ಕ ಗ್ರೈಂಡರ್ ಆನ್ ಮಾಡಿಟ್ಟ ಹಾಗೆ. ಅದರ ತೊಟ್ಟಿ ತುಂಬಿದಾಗಲೆಲ್ಲ ನೀರು ಚೆಲ್ಲೋದೂ ನಮ್ಮದೇ ಕೆಲಸ. ಅದು ತಿನ್ನೋ ಕರೆಂಟು ನಿಮ್ಮ ಮೀಟರಿನಿಂದ ಹೋಗುತ್ತದೆ. ಆ ದುಡ್ಡು ಓನರ್ ಕೊಡಬೇಕು, ಆದರೆ ನೀವು ಲೆಕ್ಕ ತೋರಿಸಬೇಕು. ಪ್ಲಗ್ ಹಾಕಿದ ದಿನ ಒಮ್ಮೆ, ತೆಗೆದ ದಿನ ಒಮ್ಮೆ ಮೀಟರಿನ ಫೋಟೊ ತೆಗೆಯಿರಿ. ಯಂತ್ರದ ಮೇಲೇ ಪುಟ್ಟ ಮೀಟರ್ ಇದ್ದರೆ ಅದರದ್ದೂ ಇರಲಿ. ಈ ಸದ್ದಿಗೂ ಬಾಡಿಗೆ ಇಳಿಯುತ್ತದೆ.

ಟಾಯ್ಲೆಟ್ಟೇ ಇಲ್ಲದ ದಿನಗಳಲ್ಲಿ ಮಗುವನ್ನು ಇಟ್ಟುಕೊಂಡು ಅಲ್ಲಿರೋಕಾಗಲ್ಲ, ಅಲ್ವಾ? ಬೇರೆ ಕಡೆ ಉಳಿಯೋ ಖರ್ಚನ್ನು ಓನರ್ ಹತ್ತಿರ ಕೇಳಬಹುದು. ದುಬಾರಿ ಹೋಟೆಲ್ ಹಿಡಿದರೆ ಒಪ್ಪಲ್ಲ. ಮೊದಲೇ ಈಮೇಲ್‌ನಲ್ಲಿ ಒಪ್ಪಿಸಿಕೊಂಡು ಆಮೇಲೆ ಬುಕ್ ಮಾಡಿ. ನೆನೆದ ಬೀರು, ಹಾಸಿಗೆ ಇವಕ್ಕೆ ನಿಮ್ಮ ಮನೆಸಾಮಾನಿನ ವಿಮೆ ಇದ್ದರೆ ಅವರಿಗೂ ಈಗಲೇ ತಿಳಿಸಿ.

ಮನೆ ಬಿಡೋದಾದರೆ ಮಾಮೂಲಿ ನೋಟಿಸ್ ಮೂರು ತಿಂಗಳು. ಗೋಡೆಯ ಬೂಷ್ಟಿನಿಂದ ಆರೋಗ್ಯಕ್ಕೆ ನಿಜಕ್ಕೂ ಅಪಾಯ ಅನ್ನೋ ಹಾಗಿದ್ದರೆ ತಕ್ಷಣ ಬಿಡೋ ದಾರಿಯೂ ಇದೆ. ಆದರೆ ಸಾಮಾನ್ಯವಾಗಿ ಅದಕ್ಕೂ ಮುಂಚೆ ರಿಪೇರಿಗೆ ಗಡುವು ಕೊಟ್ಟಿರಬೇಕು, ಅಪಾಯ ಇದೆ ಅನ್ನೋದಕ್ಕೆ ಪುರಾವೆಯೂ ಬೇಕು. ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡಿ. ಈ ಊರಿನಲ್ಲಿ ಇನ್ನೊಂದು ಮನೆ ಹುಡುಕೋದು ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡು ಕಡೆ ಹುಷಾರಾಗಿರಿ. ರಿಪೇರಿ ಜೊತೆಗೇ 'ಮಾಡರ್ನೈಸೇಶನ್' ಅಂತ ಸೇರಿಸಿ ಬಾಡಿಗೆ ಏರಿಸೋಕೆ ನೋಡಬಹುದು. ನಿಜವಾದ ಸುಧಾರಣೆಯಾದರೆ ಆ ಖರ್ಚಿನ ಶೇಕಡಾ 8ರಷ್ಟನ್ನು ವರ್ಷದ ಬಾಡಿಗೆಗೆ ಸೇರಿಸೋಕೆ ಅವಕಾಶ ಇದೆ. ಒಡೆದ ಪೈಪ್ ಸರಿಮಾಡಿದ ಖರ್ಚಿಗೆ ಇಲ್ಲ. ಇನ್ನೊಂದು, ಕರಾರಿನಲ್ಲಿರೋ 'ಸಣ್ಣ ರಿಪೇರಿ ಬಾಡಿಗೆದಾರನದು' ಅನ್ನೋ ಸಾಲು. ಅದನ್ನು ತೋರಿಸಿ ನಿಮ್ಮಿಂದ ಒಂದಿಷ್ಟು ಕೇಳಿದರೆ ಕೊಡಬೇಡಿ. ಅದು ನಲ್ಲಿ, ಸ್ವಿಚ್ಚು, ಕಿಟಕಿ ಹಿಡಿಯಂಥ ಕೈಗೆ ಸಿಗೋ ವಸ್ತುಗಳಿಗೆ ಮಾತ್ರ. ಗೋಡೆಯೊಳಗಿನ ಪೈಪ್ ಓನರ್‌ದೇ.