ಹಂಚಲ್ಲಿ 1865 ಅಂತ ಉಂಟು, ಮನೆ ಅಷ್ಟು ಹಳೇದಾ?

ಪ್ರಶ್ನೆ: ಕಾರ್ಕಳದ ಹತ್ರ ನಮ್ಮದೊಂದು ಹಂಚಿನ ಮನೆ ಉಂಟು, ಅಜ್ಜ ಯಾರತ್ರವೋ ತಗೊಂಡದ್ದು. ರಿಪೇರಿಗೆ ಹಂಚು ತೆಗೆದಾಗ ಅಡಿಯಲ್ಲಿ ಬಾಸೆಲ್ ಮಿಷನ್, 1865 ಅಂತ ಕಂಡಿತು. ಮನೆ ಆಗಿನದ್ದಾ? ಹಳೇ ಪತ್ರದಲ್ಲಿ ಜಾಗ ಮಾವನಿಂದ ಅಳಿಯನಿಗೆ ಬಂದಿದೆ, ಮಗ ಎಲ್ಲಿ ಹೋದ? ಹಿತ್ಲಿನ ನಾಗಬನಕ್ಕೆ ನಾಗರಪಂಚಮಿಗೆ ಯಾರೋ ಬಂದು ತನು (ಹಾಲು, ಎಳನೀರು) ಎರೆದು ಹೋಗ್ತಾರೆ. ಮೊದ್ಲು ಇದ್ದವರು ಯಾರು ಅಂತ ಹುಡುಕುದು ಹೇಗೆ?
— ಓದುಗರು, ಕಾರ್ಕಳ

ಉತ್ತರ: ಆ 1865 ಮನೆ ಕಟ್ಟಿದ ವರ್ಷ ಅಲ್ಲ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಪ್ಲೆಬ್ಸ್ಟ್ ಅನ್ನುವವರು ಮಂಗಳೂರಿನ ಜೆಪ್ಪುವಲ್ಲಿ ಹಂಚಿನ ಫ್ಯಾಕ್ಟರಿ ಶುರು ಮಾಡಿದ ವರ್ಷ, ಆಮೇಲೂ ಅಚ್ಚಲ್ಲಿ ಅದೇ ಇಸವಿ ಒತ್ತುತ್ತಾ ಇದ್ರು. ಮೊದಲ ಮಹಾಯುದ್ಧದ ನಂತರ ಫ್ಯಾಕ್ಟರಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯ್ತು, ಹಾಗಾಗಿ ಮಿಷನಿನ ಹೆಸರಿರುವ ನಿಮ್ಮ ಹಂಚಿಗೆ ನೂರು ವರ್ಷ ಆಗಿರ್ಬಹುದು, ಮನೆಗೆ ಆಗಿದೆ ಅಂತ ಅಲ್ಲ. ಬಿಚ್ಚಿದ ಮನೆಯ ಹಂಚು ತಂದು ಹೊದಿಸಿದ್ದೂ ಇರ್ಬಹುದು, ಮುಳಿಹುಲ್ಲಿನ ಮಾಡು ತೆಗೆದು ಹಂಚು ಹಾಕಿದ್ದಾದ್ರೆ ಗೋಡೆಯೇ ಇನ್ನೂ ಹಳೇದು.

ಮಗ ಎಲ್ಲಿಗೂ ಹೋಗ್ಲಿಲ್ಲ, ತಾಯಿ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನಲ್ಲಿ ಅವ ಅವನ ತಾಯಿ ಕುಟುಂಬದವ, ಯಜಮಾನಿಕೆ ಸೋದರಮಾವನಿಂದ ಅಕ್ಕ-ತಂಗಿಯರ ಮಕ್ಕಳಿಗೆ ಬರ್ತಿತ್ತು. ಆದ್ದರಿಂದ ಗಂಡಸರ ಹೆಸರು ಹಿಡ್ಕೊಂಡು ಹುಡುಕಿದ್ರೆ ದಾರಿ ತಪ್ತದೆ, ಪತ್ರದಲ್ಲಿ ಹೆಂಗಸರ ಹೆಸರು ಎಲ್ಲೆಲ್ಲಿ ಉಂಟು ಅಂತ ಬರೆದಿಟ್ಕೊಳ್ಳಿ, ಮನೆತನ ಮುಂದುವರಿದದ್ದು ಅವರಿಂದ. ಚಾಲಗೇಣಿ, ಮೂಲಗೇಣಿ ಅನ್ನುವ ಶಬ್ದ ಸಿಕ್ಕಿದ್ರೆ ಮನೆಯಲ್ಲಿ ಇದ್ದವರು ಒಕ್ಕಲು, ಧನಿ ಬೇರೆ, ಇಬ್ಬರನ್ನೂ ಹುಡುಕ್ಬೇಕು. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಸರ್ವೆ ನಂಬರ್ ಕೊಟ್ಟು ಇಸಿ (ಜಾಗದ ಕ್ರಯ, ಅಡವುಗಳ ದಾಖಲೆ) ತೆಗೆಸಿ. 1956ರವರೆಗೆ ನಾವು ಮದ್ರಾಸಿನ ಕೆಳಗೆ ಇದ್ದದ್ದು, ಹಳೇ ಪತ್ರದಲ್ಲಿ ಮದ್ರಾಸ್ ಅಂತ ಕಂಡ್ರೆ ಗಾಬರಿ ಬೇಡ.

ಆದ್ರೆ ನನಗೆ ನಿಮ್ಮ ಪ್ರಶ್ನೆ ಓದುವಾಗ ಮನಸ್ಸು ನಿಂತದ್ದು ಆ ಪಂಚಮಿಯ ಮಾತಲ್ಲಿ. ಜಾಗ ಎಷ್ಟು ಕೈ ಬದಲಾದ್ರೂ ಕುಟುಂಬದವರು ಮೂಲದ ನಾಗನನ್ನು ಬಿಡುದಿಲ್ಲ, ಎಲ್ಲಿದ್ರೂ ವರ್ಷಕ್ಕೊಮ್ಮೆ ಬರ್ತಾರೆ, ನೀವು ಹುಡುಕ್ತಾ ಇರುವವರು ಬಹುಶಃ ಅವರೇ, ವರ್ಷ ವರ್ಷ ನಿಮ್ಮ ಅಂಗಳ ದಾಟಿ ಹೋಗ್ತಾ ಇದ್ದಾರೆ! ಈ ಸಲ ಚಾವಡಿಗೆ ಕರೀರಿ, ಬೆಲ್ಲ ನೀರು ಕೊಡಿ, ಅರಶಿನೆಲೆ ಗಟ್ಟಿ ಮಾಡಿದ್ರೆ ಅದನ್ನೂ ಕೊಡಿ. ಯಾವ ಬಳಿಯವರು (ಬಳಿ ಅಂದ್ರೆ ತಾಯಿ ಕಡೆಯಿಂದ ಬರುವ ಗೋತ್ರದ ಹಾಗೆ), ಅಜ್ಜಿಯ ಹೆಸರೇನು ಅಂತ ಕೇಳಿ ನಿಮ್ಮ ಪತ್ರದ ಹೆಸರಿಗೆ ಕೂಡಿಸಿ ನೋಡಿ. ವಯಸ್ಸಾದವರು ಜೊತೆಗಿದ್ರೆ ಒಳಗೆಲ್ಲ ಸುತ್ತಾಡ್ಲಿಕ್ಕೆ ಬಿಡಿ, ಬಾಣಂತಿ ಕೋಣೆ ಯಾವುದು, ಭತ್ತ ಎಲ್ಲಿ ತುಂಬಿಸ್ತಿದ್ರು ಅಂತ ಅವರೇ ತೋರಿಸ್ತಾರೆ. ಇಳಿಸಿದ ಹಂಚು ಇನ್ನೂ ಉಳಿದಿದ್ರೆ ಹೊರಡುವಾಗ ಒಂದು ಅವರ ಕೈಗೆ ಕೊಡಿ.